ತಕಾರದ ಖಾನೆ ಖಾಲಿಯಾದ ವಾರ

ಪುತ್ತೂರಿನ ವಾಚನಾಲಯದ ಗೋಡೆಯಲ್ಲಿ ನಮ್ಮ ವಾಸುದೇವ ರಾಯರ ಭಾವಚಿತ್ರ ತೂಗುಹಾಕುತ್ತಾರಂತೆ. ಅದರ ಕೆಳಗೆ ಹಾಕಲು ನಾಲ್ಕು ಸಾಲು ಬರೆದುಕೊಡಿ ಎಂದು ಮೊನ್ನೆ ಇಬ್ಬರು ನನ್ನಲ್ಲಿಗೆ ಬಂದಿದ್ದರು. ರಾಯರ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸಿದವರ ಪೈಕಿ ಉಳಿದಿರುವವನು ನಾನೊಬ್ಬನೇ. ಬರೆದುಕೊಟ್ಟೆ. ‘ತಮ್ಮ ವಾರಪತ್ರಿಕೆಯಲ್ಲಿ ಈ ಪೇಟೆಯ ಆಟ, ನಾಟಕ, ಹಾಡು, ಮಾತು ಎಲ್ಲವನ್ನೂ ಕಾಪಾಡಿಟ್ಟ ಮಹನೀಯರು.’ ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅವರು ಕಾಪಾಡಿಟ್ಟದ್ದರಲ್ಲಿ ಒಂದಿಷ್ಟನ್ನು ನಾನು ಕೈಯಾರೆ ಕಳೆದೆ ಎಂಬುದನ್ನು ಮಾತ್ರ ಅಲ್ಲಿ ಬರೆಯುವ ಹಾಗಿರಲಿಲ್ಲ. ಪುಟ ಕಟ್ಟುವ ಕೆಲಸಕ್ಕೆ ಈಗ ಸೇರುತ್ತಿರುವವರು ಅದನ್ನು ತಿಳಿದಿರಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಕಂಪ್ಯೂಟರಿನಲ್ಲಿ ಅಳಿಸಿದ್ದನ್ನು ಮರಳಿ ತರುವ ಗುಂಡಿ ಇದೆ. ನಮಗೆ ಅದಿರಲಿಲ್ಲ.

ನಾನು ಜಾಲ್ಸೂರಿನ ಕಡೆಯವನು, ಹೆಸರು ಕುಶಾಲಪ್ಪ, ಮನೆಮಾತು ಅರೆಭಾಷೆ. ರಾಯರ ಪ್ರೆಸ್ಸಿಗೆ ಸೇರಿದಾಗ ನಮ್ಮ ಜಿಲ್ಲೆ ಇನ್ನೂ ಮದರಾಸಿಗೆ ಸೇರಿತ್ತು. ಮೊದಲ ಮೂರು ತಿಂಗಳು ಕೇಸಿನ ಖಾನೆಗಳನ್ನು ಬಾಯಿಪಾಠ ಮಾಡುವುದೇ ಕೆಲಸ. ಕೇಸು ಎಂದರೆ ಮರದ ಅಗಲವಾದ ತಟ್ಟೆ. ಅದರಲ್ಲಿ ಅಕ್ಷರಕ್ಕೊಂದು ಖಾನೆ, ಒತ್ತಕ್ಷರಕ್ಕೊಂದು ಖಾನೆ, ಕೊಂಬು ದೀರ್ಘಗಳಿಗೆ ಬೇರೆ ಖಾನೆ. ಸೀಸದ ಮೊಳೆಗಳನ್ನು ಒಂದೊಂದಾಗಿ ಹೆಕ್ಕಿ ಎಡಗೈಯಲ್ಲಿ ಹಿಡಿದ ಸ್ಟಿಕ್ಕು ಎಂಬ ಪಟ್ಟಿಯಲ್ಲಿ ತಲೆಕೆಳಗಾಗಿ ನಿಲ್ಲಿಸಬೇಕು. ಓದುವುದೂ ತಲೆಕೆಳಗಾಗಿಯೇ. ಅಚ್ಚಾದ ಮೇಲೆ ಆ ಸಾಲುಗಳನ್ನು ಬಿಚ್ಚಿ ಪ್ರತಿ ಮೊಳೆಯನ್ನೂ ಅದರ ಖಾನೆಗೆ ಹಿಂದಿರುಗಿಸಬೇಕು. ಇಲ್ಲವಾದರೆ ಮರುದಿನದ ಕೆಲಸಕ್ಕೆ ಮೊಳೆಯೇ ಇರುವುದಿಲ್ಲ. ನಮ್ಮದು ಸಣ್ಣ ಪ್ರೆಸ್ಸು. ವಾರಪತ್ರಿಕೆಯ ನಾಲ್ಕು ಪುಟ ಜೋಡಿಸಿ ಮುಗಿಸುವಾಗ ಎಷ್ಟೋ ಖಾನೆಗಳ ತಳ ಕಾಣುತ್ತಿತ್ತು.

ನನ್ನದು ಮೊದಲಿನಿಂದಲೂ ಹೆದರುವ ಸ್ವಭಾವ. ಕೆಲಸ ಸರಿಯಾದರೂ ಹೆದರಿಕೆ, ತಪ್ಪಾದರೆ ಕೇಳುವುದೇ ಬೇಡ. ಸೇರಿದ ಎರಡನೆಯ ವರ್ಷ ಸುಳ್ಯದ ಒಂದು ದೊಡ್ಡ ಮನೆಯ ಮದುವೆ ಕಾಗದ ಜೋಡಿಸಿದೆ. ‘ತಾವು ಸಕುಟುಂಬಿಕರಾಗಿ ಆಗಮಿಸಿ’ ಎಂಬಂಥ ಸಾಲುಗಳು ಮದುವೆಗೂ ಬೇಕು, ಉತ್ತರಕ್ರಿಯೆಗೂ ಬೇಕು. ಹಾಗಾಗಿ ಅವನ್ನು ಪ್ರತಿಸಲ ಜೋಡಿಸದೆ ಹುರಿಯಲ್ಲಿ ಕಟ್ಟಿ ಇಟ್ಟಿರುತ್ತಿದ್ದೆವು. ನಾನು ಎತ್ತಿದ ಕಟ್ಟಿನಲ್ಲಿ ಇನ್ನೊಂದು ಸಾಲೂ ಸೇರಿಕೊಂಡಿತ್ತು. ವಧೂವರರ ಹೆಸರಿನ ಕೆಳಗೆ ‘ಮೃತರ ಆತ್ಮಕ್ಕೆ ಚಿರಶಾಂತಿ ಕೋರಬೇಕಾಗಿ ವಿನಂತಿ’ ಎಂದು ಬಂತು. ಪ್ರೂಫಿನಲ್ಲೇ ರಾಯರ ಕಣ್ಣಿಗೆ ಬಿದ್ದದ್ದರಿಂದ ಬಚಾವಾದೆ.

“ತಾಳಿ ಕಟ್ಟುವ ಮೊದಲೇ ಮದುಮಗನನ್ನು ಮುಗಿಸಿದಿಯಲ್ಲ ಮಾರಾಯ” ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, “ಕಟ್ಟಿ ಇಟ್ಟದ್ದನ್ನು ಓದದೆ ಮುಟ್ಬೇಡ, ಆಯ್ತಾ?” ಎಂದರು.

ಅಂದಿನಿಂದ ನಾನು ಓದದೆ ಯಾವುದನ್ನೂ ಮುಟ್ಟಿದ್ದಿಲ್ಲ. ಆದರೆ ಓದಿಯೂ ತಪ್ಪು ಮಾಡಬಹುದು ಎಂದು ಅವರೂ ಹೇಳಲಿಲ್ಲ, ನನಗೂ ಹೊಳೆದಿರಲಿಲ್ಲ.

ರಾಯರ ಬಗ್ಗೆ ಹೇಳಬೇಕು. ಪತ್ರಿಕೆಯ ಸಂಪಾದಕರು, ವರದಿಗಾರರು, ಪ್ರೂಫು ನೋಡುವವರು, ಎಲ್ಲ ಅವರೇ. ಮೊದಲ ಪುಟದಲ್ಲಿ ಅಡಿಕೆಯ ಧಾರಣೆ, ತಾಲೂಕು ಬೋರ್ಡಿನ ಸುದ್ದಿ. ಕೊನೆಯ ಪುಟದಲ್ಲಿ ಪೇಟೆಯ ಹಳೆಯ ಸಂಗತಿಗಳು. ಜನ ಪತ್ರಿಕೆಯನ್ನು ಹಿಂದಿನಿಂದ ಓದಲು ಶುರುಮಾಡುತ್ತಿದ್ದರು. ಒಂದು ಯಕ್ಷಗಾನದ ಆಟವೋ ನಾಟಕವೋ ನಡೆದ ವಿಷಯ ಬಂದರೆ ಬೇರೆಯವರು ಅದನ್ನು ಆಡಿಸಿದ ಶ್ರೀಮಂತರ ಹೆಸರು ಬರೆಯುತ್ತಿದ್ದರು. ರಾಯರಿಗೆ ಅದು ಸಾಲದು. “ಆಡಿಸಿದವರ ಹೆಸರು ಅವರ ಮನೆಯ ಗೋಡೆಯಲ್ಲಿ ಉಂಟು. ಬೆಂಚು ಹೊತ್ತವರದ್ದು ಎಲ್ಲಿ ಉಂಟು?” ಎನ್ನುತ್ತಿದ್ದರು.

ಅವರದು ಇನ್ನೊಂದು ಪದ್ಧತಿ. ಕೊನೆಯ ಪುಟದ ಲೇಖನವನ್ನು ಅವರು ಕಾಗದದಲ್ಲಿ ಬರೆಯುತ್ತಲೇ ಇರಲಿಲ್ಲ. ಯಾರದ್ದೋ ಮಾತು ಕೇಳಿ ಬರುವರು, ಬಸ್ಸಿನ ಟಿಕೇಟಿನ ಹಿಂದೆ ಎರಡು ಮೂರು ಶಬ್ದ ಗೀಚಿಕೊಂಡಿರುವರು, ಮರುದಿನ ಬೆಳಿಗ್ಗೆ ಅಂಗಿಯ ತೋಳು ಮಡಚಿ ಕೇಸಿನ ಮುಂದೆ ನಿಲ್ಲುವರು. ತಲೆಯಿಂದ ನೇರವಾಗಿ ಮೊಳೆಗೆ. “ಬರೆದು ಮತ್ತೆ ಜೋಡಿಸುದು ಎಂದರೆ ಎರಡೆರಡು ಸಲ ಸ್ನಾನ ಮಾಡಿದ ಹಾಗೆ” ಎಂದು ನಮ್ಮನ್ನು ಕೀಟಲೆ ಮಾಡುವರು. ಅವರ ಬೆರಳುಗಳ ಓಟ ನೋಡುತ್ತ ನಾನು ನನ್ನ ಕೆಲಸ ಮರೆತದ್ದುಂಟು.

ರಾಜ್ಯಗಳನ್ನು ಭಾಷೆಯ ಮೇಲೆ ವಿಂಗಡಿಸಿ, ಕೇರಳದ ಗಡಿ ನಮ್ಮ ಜಾಲ್ಸೂರಿನ ಪಕ್ಕಕ್ಕೇ ಬಂದು ಎರಡು ಮೂರು ವರ್ಷಗಳಾಗಿದ್ದ ಕಾಲ. ಆಗ ರಾಯರಿಗೆ ಐತಪ್ಪಣ್ಣ ಸಿಕ್ಕಿದರು. ಪುತ್ತೂರು ಪೇಟೆಯಲ್ಲಿ ಗ್ಯಾಸ್‌ಲೈಟು ಬಾಡಿಗೆಗೆ ಕೊಡುತ್ತಿದ್ದ ಮನುಷ್ಯ. ಮದುವೆ, ಆಟ, ನಾಟಕ, ಭಾಷಣ, ಯಾವುದಕ್ಕೂ ಗಾಳಿ ಹಾಕಿ ದೀಪ ಹೊತ್ತಿಸಿ ಕೂರುವವರು ಅವರೇ. ಪೇಟೆಗೆ ಕರೆಂಟು ಬಂದ ಮೇಲೆ ದೀಪಗಳನ್ನು ಮಾರಿ ಕಡಬದಲ್ಲಿ ಮಗಳ ಮನೆಗೆ ಹೋಗಿ ಕೂತಿದ್ದರು. ಓದು ಬರಹ ಇಲ್ಲ. ಆದರೆ ಯಾವ ನಾಟಕಕ್ಕೆ ಯಾರು ಯಾವ ಕೆಲಸ ಮಾಡಿದರು ಎಂಬುದು ಅವರಿಗೆ ಹೆಸರು ಹೆಸರಾಗಿ ನೆನಪು. ರಾಯರು ಪ್ರತಿ ಮಂಗಳವಾರ ಕಡಬಕ್ಕೆ ಹೋಗಿ ಅವರ ಮುಂದೆ ಕೂರುತ್ತಿದ್ದರು. ಬುಧವಾರ ಕೇಸಿನ ಮುಂದೆ ನಿಲ್ಲುತ್ತಿದ್ದರು. ಜೋಡಿಸಿದ್ದನ್ನು ಗ್ಯಾಲಿ ಎಂಬ ಉದ್ದನೆಯ ತಗಡಿನ ತಟ್ಟೆಯಲ್ಲಿ ಹುರಿ ಕಟ್ಟಿ ಮೇಜಿನ ಅಡಿಯಲ್ಲಿ ಇಡುತ್ತಿದ್ದರು. ಕೆಲವು ಕಂತು ಪತ್ರಿಕೆಯಲ್ಲಿ ಬಂತು. ಕೊನೆಯ ಎರಡು ಗ್ಯಾಲಿಗಳಲ್ಲಿ ಇದ್ದದ್ದು ಹೆಸರುಗಳು. ಹಾಗಿರುವಾಗ ಐತಪ್ಪಣ್ಣ ಜ್ವರ ಬಂದು ತೀರಿಹೋದರು. ರಾಯರು ಆ ಗ್ಯಾಲಿಗಳ ಸುದ್ದಿ ಎತ್ತಲಿಲ್ಲ. ನಾನೂ ಕೇಳಲಿಲ್ಲ.

ಅದೇ ತಿಂಗಳು ಊರವರು ಸೇರಿ ರಾಯರಿಗೆ ಸನ್ಮಾನ ಮಾಡುವುದೆಂದು ತೀರ್ಮಾನಿಸಿದರು. ಸಮಿತಿಯ ಕಾರ್ಯದರ್ಶಿ ಶೀನಪ್ಪ ಮಾಷ್ಟ್ರು ಒಂದು ಬುಧವಾರ ಬೆವರೊರೆಸಿಕೊಳ್ಳುತ್ತ ಬಂದು ಬಿನ್ನವತ್ತಳೆಯ ಕಾಗದ ನನ್ನ ಕೈಗಿಟ್ಟರು. ಸನ್ಮಾನಿತರನ್ನು ಹೊಗಳಿ ಬರೆದು, ಅಂಚಿಗೆ ಬಳ್ಳಿ ಹಾಕಿ ಅಚ್ಚು ಮಾಡಿ, ಕಟ್ಟು ಹಾಕಿಸಿ, ಸಭೆಯಲ್ಲಿ ಓದಿ ಕೊಡುವ ಪತ್ರ ಅದು.

“ಭಾನುವಾರ ಸಭೆ ಕುಶಾಲಪ್ಪ. ರಾಯರು ಅಕ್ಕನ ಮನೆಯ ಉಪನಯನಕ್ಕೆ ಸುಳ್ಯಕ್ಕೆ ಹೋಗಿದ್ದಾರೆ ಅಲ್ವಾ, ಶನಿವಾರ ಸಾಯಂಕಾಲ ಬರುದು. ಅವರು ಬರುವುದರೊಳಗೆ ಆಗ್ಬೇಕು. ಅವರಿಗೆ ಗೊತ್ತಾಗ್ಲೇಬಾರ್ದು.”

“ಅವರದ್ದೇ ಪ್ರೆಸ್ಸಿನಲ್ಲಿ ಅವರಿಗೆ ಗೊತ್ತಾಗದ ಹಾಗೆ ಮಾಡುದು ಹೇಗೆ ಮಾಷ್ಟ್ರೇ? ಮಂಗಳೂರಿಗೆ ಕಳಿಸಿ.”

“ಮಂಗಳೂರಿನವರು ಒಂದು ವಾರ ಹೇಳ್ತಾರೆ ಮಾರಾಯ. ನೀನೇ ಗತಿ.”

ಹೊಗಳಿದರೆ ಇಲ್ಲ ಎನ್ನಲು ನನಗೆ ಬರುವುದಿಲ್ಲ. ಒಪ್ಪಿದೆ. ಆ ವಾರದ ಪತ್ರಿಕೆಯ ಪುಟಗಳು ಆಗಲೇ ಜೋಡಣೆಯಾಗಿ ಯಂತ್ರಕ್ಕೆ ಕಾಯುತ್ತಿದ್ದವು. ಮೊಳೆಗಳೆಲ್ಲ ಅಲ್ಲಿದ್ದವು. ಉಳಿದದ್ದರಲ್ಲಿ ಗುರುವಾರ ಬಿನ್ನವತ್ತಳೆ ಶುರುಮಾಡಿದೆ. ಮಾಷ್ಟ್ರ ಸಾಹಿತ್ಯ ಹೀಗಿತ್ತು: ‘ತಾವು ತಮ್ಮ ತನುಮನಗಳನ್ನು ತೇದು, ತಪಸ್ಸಿನಂತೆ ತಾಳ್ಮೆಯಿಂದ ತಮ್ಮ ತಾಯ್ನಾಡಿನ…’ ಹನ್ನೊಂದನೆಯ ಸಾಲಿಗೆ ಬರುವಾಗ ತಕಾರದ ಖಾನೆಗಳು ಖಾಲಿ. ನನ್ನ ಬೆರಳು ಮರಕ್ಕೆ ತಾಗಿತು. ಶುಕ್ರವಾರ ಬೆಳಿಗ್ಗೆ ಶಾಲೆಗೆ ಹೋಗಿ ಮಾಷ್ಟ್ರನ್ನು ಹೊರಗೆ ಕರೆದೆ.

“ಕೆಲವು ಕಡೆ ತಾವು ತೆಗೆದು ನೀವು ಅಂತ ಹಾಕುವುದಾ?”

“ಬಿನ್ನವತ್ತಳೆಯಲ್ಲಿ ನೀವು ಅಂತ ಉಂಟಾ? ಊರವರು ಎಂತ ಹೇಳಿಯಾರು! ಎಲ್ಲಿಂದಾದರೂ ಹೊಂದಿಸು ಮಾರಾಯ.”

ವಾಪಸು ಬಂದು ಮೇಜಿನ ಅಡಿ ಬಗ್ಗಿ ನೋಡಿದೆ. ಐತಪ್ಪಣ್ಣನ ಎರಡು ಗ್ಯಾಲಿಗಳಿದ್ದವು. ‘ಇತ್ತು, ಬಂತು, ಹೊತ್ತು ತಂದರು, ಕೂತಿದ್ದರು, ಹಾಡುತ್ತಿದ್ದರು.’ ಹಳೆಯ ಕಾಲದ ಮಾತಲ್ಲವೇ, ಸಾಲು ಸಾಲಿಗೂ ತಕಾರ. ಹುರಿ ಬಿಚ್ಚಿ ನಾಲ್ಕು ಸಾಲು ಎಡಗೈಗೆ ಎತ್ತಿಕೊಂಡೆ. ಓದಿದೆ. ಪತ್ರಿಕೆಯಲ್ಲಿ ಬಂದ ಕಂತಲ್ಲ ಇದು ಎಂದು ಎರಡನೆಯ ಸಾಲಿಗೇ ತಿಳಿಯಿತು. ರಾಯರು ಕಾಗದದಲ್ಲಿ ಬರೆಯುವುದಿಲ್ಲ ಎಂಬುದೂ ಗೊತ್ತಿತ್ತು. ಆದರೆ ಪ್ರೂಫು ತೆಗೆದಿರುತ್ತಾರೆ, ಅವರ ಡ್ರಾಯರಿನಲ್ಲಿ ಇದ್ದೇ ಇರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಪ್ರೂಫು ತೆಗೆಯುವವರು ಕಾಲಿನಿಂದ ತುಳಿಯುವ ಟ್ರೆಡಲ್ ಯಂತ್ರ ನಡೆಸುವ ಪೆದ್ರು ಪೊರ್ಬುಗಳು, ಕ್ರೈಸ್ತರನ್ನು ನಮ್ಮ ಕಡೆ ಹಾಗೆ ಕರೆಯುವುದು. ಅವರು ಹಿಂದಿನ ಕೋಣೆಯಲ್ಲೇ ಇದ್ದರು. ಹತ್ತು ಹೆಜ್ಜೆ. ಹೋಗಿ ಕೇಳಬಹುದಿತ್ತು. ಕೇಳಿದರೆ ಬೇಡ ಎಂದಾರು ಎಂಬ ಹೆದರಿಕೆಯಿಂದಲೇ ಕೇಳಲಿಲ್ಲ ಎಂದು ಈಗ ಅನಿಸುತ್ತದೆ. ಮಧ್ಯಾಹ್ನದೊಳಗೆ ಎರಡೂ ಗ್ಯಾಲಿಗಳನ್ನು ಬಿಚ್ಚಿ ಮುಗಿಸಿದೆ. ಬಿನ್ನವತ್ತಳೆ ಬಹಳ ಚಂದವಾಗಿ ಬಂತು.

ಶನಿವಾರ ಬೆಳಿಗ್ಗೆ ಪೊರ್ಬುಗಳು ಕೈಯ ಮಸಿ ಒರೆಸುತ್ತ ಬಂದವರು ಖಾಲಿ ಗ್ಯಾಲಿಗಳನ್ನು ನೋಡಿ ನಿಂತರು.

“ಇದರಲ್ಲಿ ಇದ್ದದ್ದು ಎಲ್ಲಿ ಉಂಟು?”

“ಬಿಚ್ಚಿದೆ. ಪ್ರೂಫು ತೆಗೆದಿದ್ದೀರಲ್ಲ?”

“ಎಂತ ಪ್ರೂಫು? ಹೆಸರನ್ನೆಲ್ಲ ಇನ್ನೊಮ್ಮೆ ಐತಪ್ಪನ ಹತ್ರ ಕೇಳ್ಬೇಕು, ಈಗ ತೆಗಿಯುದು ಬೇಡ ಅಂದಿದ್ರು ರಾಯರು. ಅಷ್ಟರಲ್ಲಿ ಅವ ಸತ್ತ.” ಪೊರ್ಬುಗಳು ನನ್ನ ಮುಖ ನೋಡಿದರು. “ಎಂತ ಮಾಡಿ ಬಿಟ್ಟಿ ಮಾರಾಯ!”

ಹೇಳಿದವರು ಇಲ್ಲ, ಬರೆದ ಕಾಗದ ಇಲ್ಲ, ಪ್ರೂಫು ಇಲ್ಲ. ಇದ್ದ ಒಂದೇ ಪ್ರತಿಯನ್ನು ನಾನು ಅಕ್ಷರ ಅಕ್ಷರವಾಗಿ ಖಾನೆಗಳಿಗೆ ಹಂಚಿದ್ದೆ. ಜಾಲ್ಸೂರಿನ ಬಸ್ಸು ಎಷ್ಟು ಗಂಟೆಗೆ ಎಂಬ ಯೋಚನೆಯೂ ಬಂತು, ಸುಳ್ಳು ಹೇಳುವುದಿಲ್ಲ. ಹೋಗದೆ ಉಳಿದದ್ದು ಧೈರ್ಯದಿಂದಲ್ಲ, ಮನೆಯಲ್ಲಿ ಅಪ್ಪನಿಗೆ ಎಂತ ಹೇಳುವುದೆಂದು ತಿಳಿಯದೆ.

ಬಿಚ್ಚುವಾಗ ನಾನು ಓದಿದ್ದೆ, ಓದದೆ ಮೊಳೆ ಬಿಚ್ಚಲಾಗುವುದಿಲ್ಲ. ಆದರೆ ಕೈಯ ಕೆಲಸಕ್ಕಾಗಿ ಓದುವ ಓದು ತಲೆಯಲ್ಲಿ ನಿಲ್ಲುವಂಥದ್ದಲ್ಲ. ಕೂತು ನೆನಪಿಸಿಕೊಂಡರೆ ಏನೂ ಬರಲಿಲ್ಲ. ಎದ್ದು ಕೇಸಿನ ಮುಂದೆ ನಿಂತು, ಕಣ್ಣು ಮುಚ್ಚಿ, ಬಲಗೈಯನ್ನು ಖಾನೆಗಳ ಮೇಲೆ ಆಡಿಸಿದೆ. ಆಗ ಬರತೊಡಗಿತು. ಕೈ ಚಕಾರಕ್ಕೆ ಹೋಗಿ ನಕಾರಕ್ಕೆ ಬಂದರೆ ಚನಿಯ. ದಕಾರದಿಂದ ಮಕಾರಕ್ಕೆ ಸರಿದರೆ ದೂಮ. ಎಲ್ಲೋ ಒಂದು ಕಡೆ ಕೈ ಮುಂದೆ ಹೋಗದೆ ನಿಂತುಬಿಡುತ್ತಿತ್ತು. ಮಧ್ಯಾಹ್ನ ಊಟಕ್ಕೂ ಹೋಗದೆ ಹಾಗೆ ಕೈ ಆಡಿಸಿ, ಬಂದದ್ದನ್ನು ರದ್ದಿ ಕಾಗದದಲ್ಲಿ ಬರೆದೆ. ಪೊರ್ಬುಗಳು ಬಾಗಿಲಲ್ಲಿ ನಿಂತು ನೋಡಿ, ಶಿಲುಬೆಯ ಗುರುತು ಹಾಕಿಕೊಂಡು ಹೋದರು.

ಭಾನುವಾರ ಅಪರಾಹ್ನ ಶಾಲೆಯ ಹಾಲಿನಲ್ಲಿ ಸಭೆ. ರಾಯರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣುಕಾಯಿ ಕೊಟ್ಟರು. ಶೀನಪ್ಪ ಮಾಷ್ಟ್ರು ಬಿನ್ನವತ್ತಳೆ ಓದಿದರು. ಅವರು ‘ತಾವು’ ಎಂದಾಗಲೆಲ್ಲ ನನಗೆ ಯಾರೋ ಮೈಗೆ ಸೂಜಿ ಚುಚ್ಚಿದ ಹಾಗಾಗುತ್ತಿತ್ತು. ಜನ ಚಪ್ಪಾಳೆ ತಟ್ಟಿದರು. ರಾಯರು ಉತ್ತರ ಕೊಡಲು ಎದ್ದರು. ಅವರು ದೊಡ್ಡ ಭಾಷಣದವರಲ್ಲ.

“ಈ ಶಾಲು ನನಗೆ ಅಲ್ಲ. ಐತಪ್ಪಣ್ಣ ಹೋಗುವ ಮೊದಲು ಈ ಪೇಟೆಯ ನಾಟಕಗಳಿಗೆ ದುಡಿದ ಹತ್ತೊಂಬತ್ತು ಜನರ ಹೆಸರು ನನಗೆ ಕೊಟ್ಟು ಹೋಗಿದ್ದಾರೆ. ಎಲ್ಲಿಯೂ ಇಲ್ಲದ ಹೆಸರುಗಳು. ನಮ್ಮ ಪ್ರೆಸ್ಸಿನಲ್ಲಿ ಮೊಳೆಯಲ್ಲಿ ಭದ್ರವಾಗಿ ಉಂಟು. ಮುಂದಿನ ವಾರ ಹಾಕ್ತೇನೆ. ನೀವು ಚಪ್ಪಾಳೆ ಅದಕ್ಕೆ ಹೊಡಿಯಿರಿ.”

ಮತ್ತೆ ಚಪ್ಪಾಳೆ. ನಾನು ಕಂಬದ ಹಿಂದೆ ಸರಿದು ನಿಂತೆ. ಹಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಅನಿಸುತ್ತಿತ್ತು, ನಿಜಕ್ಕೂ ಒಬ್ಬರೂ ನೋಡುತ್ತಿರಲಿಲ್ಲ.

ಸೋಮವಾರ ಸಂತೆಯ ದಿನ. ರಸ್ತೆಯೆಲ್ಲ ಗಲಾಟೆ. ರಾಯರು ಬಂದು ಅಂಗಿಯ ತೋಳು ಮಡಚುವುದರೊಳಗೆ ಎಲ್ಲ ಹೇಳಿಬಿಟ್ಟೆ.

“ಎರಡೂ ಗ್ಯಾಲಿಯಾ?”

“ಎರಡೂ.”

ಅವರು ಸ್ಟೂಲಿನಲ್ಲಿ ಕೂತರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಮೇಜಿಗೆ ಒರಗಿಸಿಟ್ಟಿದ್ದ ಬಿನ್ನವತ್ತಳೆಯನ್ನು ಬಹಳ ಹೊತ್ತು ನೋಡಿದರು. “ಹಾಗಾದ್ರೆ ಅವರೆಲ್ಲ ಇದರ ಒಳಗೆ ಇದ್ದಾರೆ” ಎಂದರು. ಬೈದಿದ್ದರೆ ಒಳ್ಳೆಯದಿತ್ತು. ನನಗೆ ಅಳು ಬಂತು, ಅತ್ತೆ.

“ನಿಮಗೆ ನೆನಪಿರಬಹುದಲ್ಲ?” ಎಂದೆ.

“ಕಥೆ ನೆನಪುಂಟು. ಹೆಸರು ಮೊಳೆಗೆ ಕೊಟ್ಟ ಮೇಲೆ ನಾನು ತಲೆಯಲ್ಲಿ ಇಟ್ಟುಕೊಳ್ಳುದಿಲ್ಲ ಕುಶಾಲ. ಅದೇ ನನ್ನ ತಪ್ಪು. ಟಿಕೇಟುಗಳು ಅಂಗಿಯ ಒಟ್ಟಿಗೆ ಒಗೆದು ಹೋಗಿವೆ.” ಸ್ಟಿಕ್ಕನ್ನು ಕೈಗೆತ್ತಿಕೊಂಡರು. “ನೀನು ಓದಿದ್ದಿ ಅಲ್ವಾ? ಹೇಳು. ನಾನು ಜೋಡಿಸ್ತೇನೆ.”

ನಾನು ರದ್ದಿ ಕಾಗದ ಹಿಡಿದು ಒಂದೊಂದೇ ಹೇಳಿದೆ. ಪ್ರತಿ ಹೆಸರಿಗೂ ಅವರು ತಲೆ ಎತ್ತಿ “ಖಂಡಿತವಾ?” ಎಂದು ಕೇಳುತ್ತಿದ್ದರು. ಆರು ಹೆಸರುಗಳಿಗೆ ಎದೆ ಮುಟ್ಟಿ ಖಂಡಿತ ಎಂದೆ. ಏಳನೆಯದು ಪರದೆ ಹೊಲಿದ ಹೆಂಗಸಿನ ಹೆಸರು. ಕಕಾರಕ್ಕೆ ಹೋದ ಕೈ ಲಕಾರವನ್ನೂ ಮುಟ್ಟಿತ್ತು, ನಡುವೆ ಏನಿತ್ತೆಂದು ತಿಳಿಯದು.

“ಕಮಲ” ಎಂದೆ.

“ಖಂಡಿತವಾ?”

ಅವರ ಮುಖದಲ್ಲಿ ಅಷ್ಟು ಆಸೆ ಇತ್ತು. ಇಲ್ಲ ಎಂದರೆ ಆ ಜಾಗ ಖಾಲಿ ಉಳಿಯುತ್ತದೆ, ಖಾಲಿ ಮಾಡಿದವನು ನಾನು. “ಖಂಡಿತ” ಎಂದೆ. ಒಮ್ಮೆ ಹೇಳಿದ ಮೇಲೆ ಮುಂದಿನದ್ದು ಸುಲಭವಾಯಿತು. ಹಾಗೆ ಒಟ್ಟು ಹನ್ನೊಂದು ಹೆಸರುಗಳಾದವು. ಉಳಿದ ಎಂಟಕ್ಕೆ ರಾಯರು ಪತ್ರಿಕೆಯಲ್ಲಿ ‘ನಮ್ಮ ಪ್ರೆಸ್ಸಿನಲ್ಲಿ ಕಳೆದುಹೋಗಿವೆ, ಬಲ್ಲವರು ತಿಳಿಸಬೇಕು’ ಎಂದು ಹಾಕಿದರು. ಯಾರಿಂದ ಕಳೆಯಿತೆಂದು ಬರೆಯಲಿಲ್ಲ.

ಎರಡು ವಾರ ಕಳೆದು ಒಬ್ಬ ಮುದುಕಿ ಪತ್ರಿಕೆಯನ್ನು ನಾಲ್ಕಾಗಿ ಮಡಚಿ ಹಿಡಿದು ಪ್ರೆಸ್ಸಿನ ಬಾಗಿಲಿಗೆ ಬಂದರು. ಕೊಯಿಲದಿಂದ ಬೆಳಿಗ್ಗೆಯ ಬಸ್ಸಿನಲ್ಲಿ ಹೊರಟು ಬಂದಿದ್ದರು. ಅವರು ಆಡಿದ್ದು ತುಳುವಿನಲ್ಲಿ, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ನೆರೆಮನೆಯ ಮಗು ಓದಿ ಹೇಳ್ತು. ನಾಟಕದ ಪರದೆ ಹೊಲಿದದ್ದು ಕಮಲ ಅಂತ ಹಾಕಿದ್ದೀರಂತೆ. ಕಮಲ ಅಂತ ಯಾರೂ ಇರ್ಲಿಲ್ಲ. ಹೊಲಿದದ್ದು ನಾನು. ನನ್ನ ಹೆಸರು ಕಲ್ಯಾಣಿ.”

ರಾಯರು ಎದ್ದು ನಿಂತು ಕೈಮುಗಿದರು. “ತಪ್ಪಾಯ್ತು ಅಮ್ಮಾ. ನಮ್ಮದೇ ತಪ್ಪು.”

“ಬೈಲಿಕ್ಕೆ ಬಂದದ್ದಲ್ಲ ಧಣಿಗಳೇ. ಇಷ್ಟು ವರ್ಷ ನನ್ನ ಹೆಸರು ಎಲ್ಲಿಯೂ ಇರ್ಲಿಲ್ಲ, ಬೇಜಾರೂ ಇರ್ಲಿಲ್ಲ. ಈಗ ಆ ಜಾಗದಲ್ಲಿ ಬೇರೆ ಯಾರನ್ನೋ ತಂದು ಕೂರಿಸಿದ್ರೆ ನಾನು ಎಲ್ಲಿಗೆ ಹೋಗುದು?”

ರಾಯರು ಅವರಿಗೆ ಬೆಲ್ಲ ನೀರು ಕೊಡಿಸಿ, ಬಸ್ಸಿನವರೆಗೆ ಹೋಗಿ ಹತ್ತಿಸಿ ಬಂದರು. ತಿದ್ದುಪಡಿಯನ್ನು ನಾನೇ ಜೋಡಿಸಿದೆ. ಪ್ರೂಫು ನೋಡಿ ಸಹಿ ಹಾಕಿದ ರಾಯರು ಕಾಗದವನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು:

“ಉಳಿದ ಹತ್ತು ಹೆಸರು ಸರಿ ಉಂಟಲ್ಲ ಕುಶಾಲ?”

ರಾಯರು ಆಮೇಲೆ ಬಹಳ ವರ್ಷ ಬದುಕಿದ್ದರು. ಆ ಪಟ್ಟಿ ಯಾವುದೋ ಸ್ಮರಣ ಸಂಚಿಕೆಗೆ ಹೋಯಿತು, ಅಲ್ಲಿಂದ ಯಾರದ್ದೋ ಪುಸ್ತಕಕ್ಕೆ, ಈಗ ಭಾವಚಿತ್ರದ ಪಕ್ಕದ ಫಲಕಕ್ಕೂ ಹೋಗುತ್ತದಂತೆ. ಪ್ರೆಸ್ಸಿನ ಬಾಗಿಲಲ್ಲಿ ಅಪರಿಚಿತರು ನಿಂತಾಗಲೆಲ್ಲ ಅವರ ಕೈಯಲ್ಲಿ ಮಡಚಿದ ಪತ್ರಿಕೆ ಇದೆಯೇ ಎಂದು ನೋಡುತ್ತಿದ್ದೆ. ಆದರೆ ಕಲ್ಯಾಣಿಯಮ್ಮನ ಹಾಗೆ ಹೆಸರು ಕೇಳಿಕೊಂಡು ಮತ್ತೆ ಯಾರೂ ಬರಲಿಲ್ಲ. ಅವರಿಗೆ ಓದಿ ಹೇಳುವವರಿದ್ದರು. ಉಳಿದವರಿಗೆ ಇದ್ದರೋ ಇಲ್ಲವೋ ಗೊತ್ತಿಲ್ಲ.

ಆ ದಿನ ರಾಯರ ಪ್ರಶ್ನೆಗೆ ನಾನು “ಸರಿ ಉಂಟು” ಎಂದಿದ್ದೆ. ಸರಿ ಇರಲಿಲ್ಲ. ನೀರು ಹೊತ್ತ ಬಾಬು, ಚಹಾ ಕಾಯಿಸಿದ ಅಂತೋಣಿ, ಬಣ್ಣ ಅರೆದುಕೊಟ್ಟ ತಿಮ್ಮಪ್ಪ, ಹಾರ್ಮೋನಿಯಂ ಹೊತ್ತು ತಂದ ಕೊರಗಪ್ಪ. ಈ ನಾಲ್ಕು ಹೆಸರುಗಳೂ ನನ್ನ ಊಹೆ, ಆ ಕೆಲಸ ಮಾಡಿದವರು ಬೇರೆ ಯಾರೋ ಆಗಿದ್ದಿರಬಹುದು.